ಇಂಗ್ಲೆಂಡಿನಿಂದ – 31: ನಾಯಿಮರಿಗೆ ಹಸಿ ಮೂಳೆ ಹಾಕಬಹುದಾ?

ಹೋದ ವಾರ ನಮ್ಮ ಪಕ್ಕದ ಮನೆ ಅಜ್ಜಿಯ ನಾಯಿಮರಿ ಹಸಿ ಕೋಳಿ ಕತ್ತು ಹಿಡ್ಕೊಂಡು ಕೂತಿರೋ ಫೋಟೋ ಹಾಕಿದ್ದೆ. ಎರಡು ವರ್ಷದಿಂದ ವಾರ್ಡು, ವೀಸಾ, ಚಳಿ ಅಂತ ಏನೇನೋ ಬರೆದಿದ್ದೀನಿ, ಯಾವುದಕ್ಕೂ ಇಷ್ಟು ಮೆಸೇಜ್ ಬಂದಿರಲಿಲ್ಲ. "ಹಸೀದು ಕೊಟ್ರೆ ಹುಳ ಆಗಲ್ವೇನೇ?" ಅಂತ ಒಬ್ಬರು. "ರಕ್ತದ ರುಚಿ ಹತ್ತಿದ್ರೆ ಮನೆಯವರನ್ನೇ ಕಚ್ಚುತ್ತೆ" ಅಂತ ಚಿಕ್ಕಮ್ಮ. "ಬೇಯಿಸಿ ಹಾಕೋಕೆ ಆ ಅಜ್ಜಿಗೆ ಏನು ಕಷ್ಟ?" ಅಂತ ಅತ್ತಿಗೆ. ಇದೆಲ್ಲದರ ಮಧ್ಯೆ ನಮ್ಮಣ್ಣ ಒಂದು ವಿಡಿಯೋ ಕಳಿಸಿದ. ಮನೆಗೆ ಹೊಸದಾಗಿ ತಂದಿರೋ ಲ್ಯಾಬ್ರಡಾರ್ ಮರಿ, ಹತ್ತು ವಾರದ್ದು, ಜಗಲಿ ಮೇಲೆ ಹಸಿ ಕೋಳಿ ಕಾಲು ಎಳೀತಾ ಇದೆ. ಆ ಕಡೆ ತುದಿ ಹಿಡ್ಕೊಂಡು ಆಟ ಆಡಿಸ್ತಾ ಇರೋರು ನಮ್ಮಪ್ಪ.

ಅದಕ್ಕೇ ಈ ಪೋಸ್ಟು. ಮೊದಲೇ ಹೇಳಿಬಿಡ್ತೀನಿ, ನಾನು ಮನುಷ್ಯರ ನರ್ಸು, ದನದ ಡಾಕ್ಟ್ರಲ್ಲ. ನಾಯಿ ಹೊಟ್ಟೆ ವಿಷಯ ನಾನು ಕಲಿತಿದ್ದು ಪಕ್ಕದ ಮನೆ ಅಜ್ಜಿಯಿಂದ, ಅವರ ಜೊತೆ ಒಂದು ಸಲ ವೆಟ್ ಹತ್ರ ಹೋಗಿ ಕೂತು ಕೇಳಿದ್ದರಿಂದ, ಆಮೇಲೆ ಓದಿದ್ದರಿಂದ. ಆದರೆ ಆ ಮೂಳೆ ಮುಟ್ಟಿದ ಕೈ, ಅದು ಬಿದ್ದ ನೆಲ, ಅದನ್ನ ತಿಂದ ಬಾಯಿ ನೆಕ್ಕಿದ ಮುಖ, ಈ ಮೂರರ ಬಗ್ಗೆ ನನಗೆ ಚೆನ್ನಾಗಿ ಗೊತ್ತು. ಕೆಲಸವೇ ಅದು.

ಮೊದಲು ಅತ್ತಿಗೆ ಪ್ರಶ್ನೆ. ಬೇಯಿಸಿ ಹಾಕಿದ್ರೆ ಸುರಕ್ಷಿತ ಅಲ್ವಾ? ಮಾಂಸ ಆದ್ರೆ ಹೌದು. ಮೂಳೆ ಆದ್ರೆ ತಿರುಗಾಮುರುಗಾ.

ಮನೆಯಲ್ಲಿ ಕಾಲು ಸೂಪು ಮಾಡಿದಾಗ ನೆನಪಿಸಿಕೊಳ್ಳಿ. ಕುಡಿದ ಮೇಲೆ ತುಟಿಗೆ ತುಟಿ ಅಂಟುತ್ತೆ. ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಅಲುಗಾಡೋ ಮುದ್ದೆ ಥರ ಹೆಪ್ಪುಗಟ್ಟಿರುತ್ತೆ. ಆ ಅಂಟು ಬಂದಿದ್ದು ಎಲ್ಲಿಂದ? ಮೂಳೆಯಿಂದ, ಅದಕ್ಕೆ ಅಂಟಿರೋ ನರ, ಚರ್ಮದಿಂದ. ಮೂಳೆ ಅಂದ್ರೆ ಬರೀ ಸುಣ್ಣ ಅಲ್ಲ. ಅದರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಕೊಲಾಜೆನ್ ಅನ್ನೋ ನಾರು ಇರುತ್ತೆ, ಉಳಿದಿದ್ದು ಸುಣ್ಣದ ಅಂಶ. ಆ ನಾರು ಇರೋವರೆಗೆ ಮೂಳೆ ಸ್ವಲ್ಪ ಬಾಗುತ್ತೆ. ಹಸಿ ಕೋಳಿ ರೆಕ್ಕೆ ಮುರಿದು ನೋಡಿ, ಹಸಿ ಕಡ್ಡಿ ಥರ ಬಗ್ಗಿ ಆಮೇಲೆ ಮುರಿಯುತ್ತೆ. ಬೇಯಿಸಿದಾಗ ನಾರು ಕರಗಿ ಸಾರಿಗೆ ಇಳಿಯುತ್ತೆ, ನೀರಿನಂಶನೂ ಹೋಗುತ್ತೆ. ಉಳಿಯೋದು ಬರೀ ಸುಣ್ಣದ ಕಡ್ಡಿ. ಕಡಿದ ತಕ್ಷಣ ಚೂಪಾಗಿ ಸೀಳುತ್ತೆ. ಆ ಸೀಳು ಗಂಟಲಲ್ಲಿ ನಿಲ್ಲಬಹುದು, ಕರುಳಿಗೆ ಚುಚ್ಚಬಹುದು. ಸುಟ್ಟಿದ್ದು, ತಂದೂರಿ ಮಾಡಿದ್ದು, ಒಣಗಿಸಿದ್ದು ಎಲ್ಲಾ ಇದೇ ಜಾತಿ. ಪ್ಯಾಕೆಟ್‌ನಲ್ಲಿ ಬರೋ ಒಣಗಿಸಿದ, ಹೊಗೆ ಹಾಕಿದ ಮೂಳೆ ತಿಂದು ಕಾಯಿಲೆ ಬಿದ್ದ ನಾಯಿಗಳ ಬಗ್ಗೆ ಬಂದ 68 ದೂರು ಇಟ್ಕೊಂಡು ಅಮೆರಿಕದ ಎಫ್‌ಡಿಎ 2017ರಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಅವುಗಳಲ್ಲಿ ಸುಮಾರು 15 ನಾಯಿ ಸತ್ತಿದ್ದವು.

ಹಾಗಾದ್ರೆ ನಮ್ಮೂರಲ್ಲಿ ತಲೆತಲಾಂತರದಿಂದ ಭಾನುವಾರ ಬಾಡೂಟ ಆದ ಮೇಲೆ ಎಲೆಯಲ್ಲಿ ಉಳಿದ ಮೂಳೆನೇ ತಾನೆ ನಾಯಿಗೆ ಹಾಕ್ತಾ ಬಂದಿರೋದು, ಏನಾಯ್ತು? ಅಪ್ಪ ಫೋನಲ್ಲಿ ಕೇಳಿದ್ದೂ ಇದನ್ನೇ. ನಾನು ವಾಪಸ್ ಕೇಳಿದೆ, "ನಮ್ಮನೇಲಿದ್ದ ನಾಯಿಗಳಲ್ಲಿ ಎಷ್ಟು ಮುದಿಯಾಗಿ ಸತ್ವು, ಹೇಳಿ ಅಪ್ಪ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೋ ಎರಡೋ" ಅಂದ್ರು. ಉಳಿದವು ಲಾರಿಗೆ ಸಿಕ್ಕಿದ್ದು, ಚಿರತೆ ಹೊತ್ಕೊಂಡು ಹೋಗಿದ್ದು, "ಎರಡು ದಿನ ಊಟ ಬಿಟ್ಟು ಹೋಯ್ತು" ಅನ್ನೋವು. ಆ ಊಟ ಬಿಟ್ಟು ಹೋದವು ಯಾಕೆ ಹೋದವು ಅಂತ ಯಾರೂ ಹೊಟ್ಟೆ ಸೀಳಿ ನೋಡಲಿಲ್ಲ. ಮೂಳೆಯಿಂದಲೇ ಅಂತ ನಾನೂ ಹೇಳಲ್ಲ. ಏನೂ ಆಗಿಲ್ಲ ಅಂತ ಹೇಳೋಕೂ ನಮ್ಮ ಹತ್ರ ಲೆಕ್ಕ ಇಲ್ಲ, ಅಷ್ಟೇ.

ಸಾರಿನ ಮೂಳೆಗೆ ಇನ್ನೊಂದು ತಕರಾರಿದೆ. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಮಸಾಲೆ ಹಿಡಿದಿರುತ್ತೆ. ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನ ಒಡೆಯುತ್ತೆ. ಹಸೀದಾದ್ರೂ ಅಷ್ಟೇ, ಬೆಂದಿದ್ದಾದ್ರೂ ಅಷ್ಟೇ. ಒಂದು ತುತ್ತಿಗೆ ಏನೂ ಆಗ್ದೇ ಇರಬಹುದು. ಮೂರು ಕೆಜಿ ತೂಗೋ ಮರಿಗೆ ವಾರವಾರ ಸಾರು ಕಲಸಿದ ಮುದ್ದೆ ಹಾಕೋದು ಬೇಡ. ಮುದ್ದೆ ಸಪ್ಪೆಯಾಗಿ ಹಾಕಿ, ತೊಂದ್ರೆ ಇಲ್ಲ.

ಹಸಿ ಮೂಳೆ ಕೊಡೋರು ಹುಚ್ಚರೇನಲ್ಲ. ಈ ಕಡೆ ದೇಶಗಳಲ್ಲಿ ಅದು ದೊಡ್ಡ ಪಂಗಡವೇ ಆಗಿದೆ. ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಅಂತ ಆಸ್ಟ್ರೇಲಿಯಾದ ಒಬ್ಬ ಪಶುವೈದ್ಯರು 1993ರಲ್ಲಿ 'ಗಿವ್ ಯುವರ್ ಡಾಗ್ ಎ ಬೋನ್' ಅಂತ ಪುಸ್ತಕ ಬರೆದರು. ಕಾರ್ಖಾನೆ ಆಹಾರ ಬಿಟ್ಟು ಮಾಂಸ ಇರೋ ಹಸಿ ಮೂಳೆ ಕೊಡಿ ಅನ್ನೋದು ಅವರ ವಾದ. ಅಲ್ಲಿಂದ ಇದು ಹಬ್ಬಿತು. ಈಗ ಇಲ್ಲಿ ಲೆಸ್ಟರ್‌ನಲ್ಲಿ ನಾನಿರೋ ರಸ್ತೆ ಕೊನೆಯ ನಾಯಿ ಅಂಗಡಿಯಲ್ಲಿ ಒಂದು ಇಡೀ ಫ್ರೀಜರ್ ತುಂಬಾ ಹಸಿ ಮಾಂಸ, ಕೋಳಿ ಕತ್ತು, ಬಾತುಕೋಳಿ ರೆಕ್ಕೆ ಜೋಡಿಸಿಟ್ಟಿರ್ತಾರೆ. ಒಪ್ಪದ ವೆಟ್‌ಗಳೂ ಬೇಕಾದಷ್ಟು ಜನ ಇದ್ದಾರೆ. ನಮ್ಮ ಅಜ್ಜಿಯ ವೆಟ್ಟೂ ಅದೇ ಪಂಗಡ. "ನನ್ನನ್ನ ಕೇಳಿದ್ರೆ ಬೇಡ ಅಂತೀನಿ. ನೀವು ಹೇಗೂ ಕೊಡ್ತೀರಿ ಅಂತ ಗೊತ್ತು, ಹೇಗೆ ಕೊಡಬೇಕು ಅಂತನಾದ್ರೂ ಕೇಳಿಸ್ಕೊಳ್ಳಿ" ಅಂದು ಶುರು ಮಾಡಿದ್ರು ಆಕೆ. ನನಗೆ ಆ ಮಾತು ಇಷ್ಟ ಆಯ್ತು. ಶುಗರ್ ಇರೋರಿಗೆ ಯುಗಾದಿ ದಿನ ನಾವು ಹೇಳೋದೂ ಇದೇ ತಾನೆ.

ಆಕೆ ಹೇಳಿದ್ದು, ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು.

ಮರಿಗೆ ಇರೋದು 28 ಹಾಲು ಹಲ್ಲು. ಸೂಜಿ ಥರ ಚೂಪು, ಆದ್ರೆ ತೆಳು. ಮೂರು ತಿಂಗಳು ದಾಟಿದ ಮೇಲೆ ಒಂದೊಂದೇ ಉದುರೋಕೆ ಶುರುವಾಗಿ, ಆರೇಳು ತಿಂಗಳ ಹೊತ್ತಿಗೆ 42 ಕಾಯಂ ಹಲ್ಲು ಬಂದಿರುತ್ತೆ. ಆ ನಡುವಿನ ಕಾಲದಲ್ಲಿ ಒಸಡು ಕಡಿತಾ ಇರುತ್ತೆ, ಅದಕ್ಕೇ ಚಪ್ಪಲಿ, ಕುರ್ಚಿ ಕಾಲು, ಅಣ್ಣನ ಚಾರ್ಜರ್ ವಯರ್ ಎಲ್ಲಾ ಕಡಿಯೋದು. ಈ ವಯಸ್ಸಲ್ಲಿ ಗಟ್ಟಿ ಮೂಳೆ ಕೊಟ್ರೆ ಹಾಲು ಹಲ್ಲು ಮುರಿದು, ಬೇರು ಒಳಗೇ ಉಳಿದು ಕೀವಾಗಬಹುದು. ಕೊಡೋದೇ ಆದ್ರೆ ಕೋಳಿ ಕತ್ತಿನಂಥ ಮೆತ್ತಗಿರೋದು. ದನ, ಎಮ್ಮೆ, ಕುರಿಯ ಕಾಲಿನ ಮೂಳೆ ಬೇಡವೇ ಬೇಡ. ಪ್ರಾಣಿಯ ಮೈಭಾರ ಹೊತ್ತಿರೋ ಮೂಳೆ ಅದು, ತುಂಬಾ ಗಟ್ಟಿ. ದೊಡ್ಡ ನಾಯಿಗಳದ್ದೇ ಮೇಲಿನ ದವಡೆಯ ದೊಡ್ಡ ಹಲ್ಲು ಅದನ್ನ ಕಡಿಯೋಕೆ ಹೋಗಿ ಚಕ್ಕೆ ಎದ್ದು ಬರುತ್ತಂತೆ. ಆಕೆ ಕೊಟ್ಟ ಪರೀಕ್ಷೆ ಸುಲಭ: ಹೆಬ್ಬೆರಳ ಉಗುರಲ್ಲಿ ಒತ್ತಿದ್ರೆ ಒಂಚೂರೂ ಗುರುತು ಬೀಳದೇ ಇರೋದನ್ನ ನಾಯಿ ಬಾಯಿಗೆ ಕೊಡಬೇಡಿ.

ನಲ್ಲಿ ಮೂಳೆ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕಂದ್ರೆ ನಮ್ಮ ಕಡೆ ಮಟನ್ ಅಂಗಡಿಯಲ್ಲಿ ಅದನ್ನ ಅಡ್ಡಡ್ಡ ಕತ್ತರಿಸಿ ಬಳೆ ಥರ ಕೊಡ್ತಾರೆ. ಮರಿ ಒಳಗಿನ ಮಜ್ಜೆ ನೆಕ್ಕೋಕೆ ಹೋಗಿ ಆ ಬಳೆ ಕೆಳದವಡೆಗೆ ಸಿಕ್ಕಿಕೊಂಡು, ಕೋರೆಹಲ್ಲಿನ ಹಿಂದಕ್ಕೆ ಜಾರಿ ಕೂರುತ್ತೆ. ಮುಂದಕ್ಕೂ ಬರಲ್ಲ, ಹಿಂದಕ್ಕೂ ಹೋಗಲ್ಲ. ಆ ವೆಟ್ ವರ್ಷಕ್ಕೆ ಒಂದೆರಡು ಸಲನಾದ್ರೂ ನಾಯಿಗೆ ಮತ್ತು ಕೊಟ್ಟು ಮೂಳೆ ಕತ್ತರಿಸಿ ತೆಗೀತಾರಂತೆ.

ಇನ್ನು ಅಳತೆ. ಗಂಟಲಿಗೆ ಸಿಕ್ಕೋದು ದೊಡ್ಡ ಮೂಳೆ ಅಂತ ನಾವು ಅಂದ್ಕೊಳ್ತೀವಿ, ಆದ್ರೆ ಇಡಿಯಾಗಿ ನುಂಗೋಕೆ ಆಗುವಂಥ ಸಣ್ಣದೇ ಅಪಾಯ. ಮರಿಯ ತಲೆಗಿಂತ ದೊಡ್ಡ ತುಂಡು ಇದ್ರೆ ಕೂತು ಕಡಿಯಲೇಬೇಕು. ಲ್ಯಾಬ್ರಡಾರ್ ಅಂತೂ ಹುಟ್ಟಾ ಹೊಟ್ಟೆಬಾಕ, ಅಗಿಯೋ ಅಭ್ಯಾಸವೇ ಇಲ್ಲ. ಅಂಗಡಿಯವನು ಸಾರಿಗೆ ಅಂತ ಕತ್ತರಿಸಿದ ಕೋಳಿ ತುಂಡು ಅದರ ಬಾಯಿಗೆ ಮಾತ್ರೆ ನುಂಗಿದ ಹಾಗೆ. ಕತ್ತರಿಸಿದ ಮೂಳೆಗೆ ಅಂಚೂ ಚೂಪಾಗಿರುತ್ತೆ.

ಹತ್ತು ಹದಿನೈದು ನಿಮಿಷ ಅಷ್ಟೇ. ಅಲ್ಲೀವರೆಗೆ ಒಬ್ಬರು ಪಕ್ಕದಲ್ಲಿ ಕೂತಿರಬೇಕು. ಫೋನ್ ನೋಡ್ತಾ ಅಲ್ಲ. ಆಮೇಲೆ ಉಳಿದಿದ್ದನ್ನ ತಗೊಂಡು ಬಿಸಾಕೋದು. ಸಂಜೆಗೆ ಅಂತ ಎತ್ತಿಡಬಾರದು. ತಗೊಳ್ಳೋವಾಗ ಬಾಯಿಂದ ಕಿತ್ಕೋಬಾರದು. ಅಜ್ಜಿ ಒಂದು ಚೂರು ಚೀಸ್ ತೋರಿಸ್ತಾರೆ, ಮರಿ ಮೂಳೆ ಬಿಟ್ಟು ಅದಕ್ಕೆ ಬರುತ್ತೆ, ಅಷ್ಟರಲ್ಲಿ ಮೂಳೆ ಮಾಯ. ಚಿಕ್ಕಮ್ಮ, ನಿಮ್ಮ ರಕ್ತದ ರುಚಿ ಮಾತಿಗೆ ಉತ್ತರ ಇಲ್ಲಿದೆ. ಹಸಿ ಮಾಂಸ ತಿಂದ ನಾಯಿ ಅದರಿಂದಲೇ ಮನುಷ್ಯರನ್ನ ಕಚ್ಚೋಕೆ ಶುರುಮಾಡುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ತಿಂತಿರೋದನ್ನ ಪದೇ ಪದೇ ಕಿತ್ಕೊಂಡ್ರೆ ಮಾತ್ರ ಯಾವ ನಾಯಿಯಾದ್ರೂ ಗುರ್ ಅನ್ನೋದು ಕಲಿಯುತ್ತೆ, ಅದು ಕೋಳಿ ಕಾಲಾದ್ರೂ ಸರಿ, ಚಪಾತಿಯಾದ್ರೂ ಸರಿ. ಮೂಳೆ ಕಡೀತಿರೋ ನಾಯಿ ಹತ್ರ ಮಕ್ಕಳನ್ನ ಬಿಡಬೇಡಿ, ಎಷ್ಟೇ ಸಾಧು ನಾಯಿಯಾಗಿದ್ರೂ.

"ಮೂಳೆ ತಿಂದ್ರೆ ಮೂಳೆ ಗಟ್ಟಿಯಾಗುತ್ತೆ" ಅಂತ ಅಣ್ಣ ಬರೆದಿದ್ದ. ಅರ್ಧ ನಿಜ. ಬರೀ ಮಾಂಸ ಹಾಕಿ ಬೆಳೆಸಿದ ಮರಿಗೆ ಕಾಲು ಸೊಟ್ಟಗಾಗಿ ಮೂಳೆ ಮುರಿಯೋದುಂಟು, ಯಾಕಂದ್ರೆ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ದೇಹ ತನ್ನದೇ ಮೂಳೆ ಕರಗಿಸಿ ಲೆಕ್ಕ ಸರಿ ಮಾಡ್ಕೊಳ್ಳುತ್ತೆ. ಆದ್ರೆ ಲ್ಯಾಬ್ರಡಾರ್, ಗ್ರೇಟ್ ಡೇನ್ ಥರ ದೊಡ್ಡದಾಗಿ ಬೆಳೆಯೋ ಜಾತಿ ಮರಿಗೆ ಹೆಚ್ಚಾದ್ರೂ ಕಷ್ಟವೇ. ದೊಡ್ಡ ನಾಯಿಗೆ ಬೇಡದ ಕ್ಯಾಲ್ಸಿಯಂ ಒಳಗೆ ಬಿಟ್ಕೊಳ್ಳದೇ ಇರೋ ಶಕ್ತಿ ಇದೆ. ಪುಟ್ಟ ಮರಿಗೆ ಆ ಶಕ್ತಿ ಇನ್ನೂ ಬಂದಿರಲ್ಲ, ಕೊಟ್ಟಿದ್ದೆಲ್ಲಾ ಹೀರಿಕೊಳ್ಳುತ್ತೆ. ಅದರಿಂದ ಕೀಲು, ಮೂಳೆ ಬೆಳವಣಿಗೆ ಕೆಡುತ್ತೆ. ಮರಿಗೆ ಅಂತ ಮಾರೋ ಆಹಾರದಲ್ಲಿ ಲೆಕ್ಕ ಹಾಕಿಯೇ ಕ್ಯಾಲ್ಸಿಯಂ ಹಾಕಿರ್ತಾರೆ. ಅದರ ಮೇಲೆ ಅಣ್ಣ ಮೆಡಿಕಲ್ ಶಾಪಿಂದ ತಂದಿರೋ ಕ್ಯಾಲ್ಸಿಯಂ ಸಿರಪ್ಪೂ, ಅದರ ಮೇಲೆ ದಿನಾ ಮೂಳೆಯೂ ಅಂದ್ರೆ ಜಾಸ್ತಿಯಾಯ್ತು. ಮೂಳೆ ಹೆಚ್ಚಾದ್ರೆ ಮೊದಲು ಗೊತ್ತಾಗೋದು ಹಿಂದಿನಿಂದ: ಕಕ್ಕ ಬಿಳಿ ಸುಣ್ಣದುಂಡೆ ಥರ ಆಗುತ್ತೆ, ಮರಿ ಮುಕ್ಕರಿಯುತ್ತೆ, ಬರಲ್ಲ.

ನಾಯಿ ವಿಷಯ ಇಷ್ಟು. ಇನ್ನು ನನ್ನ ಕೆಲಸಕ್ಕೆ ಸಂಬಂಧಪಟ್ಟಿದ್ದು.

ನಮ್ಮಪ್ಪನ ವಿಷಯ ಊರಿಗೆಲ್ಲಾ ಗೊತ್ತಿರೋದೇ, ಮುಚ್ಚಿಡೋದೇನಿಲ್ಲ. 2021ರಲ್ಲಿ ಅಮ್ಮ ತನ್ನ ಒಂದು ಕಿಡ್ನಿ ಕೊಟ್ಟಳು. ಅದನ್ನ ಅಪ್ಪನ ದೇಹ "ಇದು ನನ್ನದಲ್ಲ" ಅಂತ ಹೊರಗೆ ಹಾಕಬಾರದು ಅಂತ ದಿನಾ ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್ ಮಾತ್ರೆ ತಗೋತಾರೆ. ಆ ಮಾತ್ರೆಗಳ ಕೆಲಸವೇ ಮೈಯೊಳಗಿನ ಕಾವಲುಗಾರನಿಗೆ ತೂಕಡಿಕೆ ಬರಿಸೋದು. ಕಿಡ್ನಿ ಉಳಿಯೋದು ಅದರಿಂದಲೇ. ಆದ್ರೆ ಕಾವಲುಗಾರ ತೂಕಡಿಸ್ತಿದ್ರೆ ಹಿತ್ತಲ ಬಾಗಿಲಿಂದ ಯಾರು ಬೇಕಾದ್ರೂ ಬರಬಹುದು.

ಹಸಿ ಕೋಳಿ ಮೇಲೆ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇರೋದು ಮಾಮೂಲು. ಬೇಯಿಸಿದ್ರೆ ಸಾಯ್ತವೆ, ಅದಕ್ಕೇ ನಾವು ಬದುಕಿರೋದು. ನಾಯಿಗೆ ಹಸೀದೇ ಕೊಟ್ರೆ? ನಾಯಿಗೆ ಬಹಳಷ್ಟು ಸಲ ಏನೂ ಆಗಲ್ಲ, ಆಡ್ಕೊಂಡೇ ಇರುತ್ತೆ. ಆದ್ರೆ ಅದರ ಕಕ್ಕದಲ್ಲಿ ವಾರಗಟ್ಟಲೆ ಆ ಬ್ಯಾಕ್ಟೀರಿಯಾ ಹೋಗ್ತಾ ಇರಬಹುದು. ನಾಯಿ ತನ್ನ ಹಿಂಭಾಗ ನೆಕ್ಕುತ್ತೆ, ಆಮೇಲೆ ಅಪ್ಪನ ಕೈ ನೆಕ್ಕುತ್ತೆ. ಅಪ್ಪ ಅದೇ ಕೈಯಲ್ಲಿ ಎಲೆ ಅಡಿಕೆ ಹಾಕ್ಕೊಳ್ತಾರೆ. ಇಷ್ಟೇ ದಾರಿ. ಮಧ್ಯೆ ಬೇರೇನೂ ಬೇಕಿಲ್ಲ.

ನಿಮಗೂ ನನಗೂ ಅದು ಮೂರು ದಿನದ ಭೇದಿ. ಓಆರ್‌ಎಸ್ ಕುಡಿದು ಮಲಗಿದ್ರೆ ಆಯ್ತು. ಅಪ್ಪನಿಗೆ ಹಾಗಲ್ಲ. ಭೇದಿಯಾದಾಗ ಕರುಳು ಟ್ಯಾಕ್ರೋಲಿಮಸ್‌ನ ಹೀರಿಕೊಳ್ಳೋ ಲೆಕ್ಕ ತಪ್ಪುತ್ತೆ, ರಕ್ತದಲ್ಲಿ ಅದರ ಪ್ರಮಾಣ ಏರಿಬಿಡುತ್ತೆ. ಏರಿದ ಟ್ಯಾಕ್ರೋಲಿಮಸ್ ಕಿಡ್ನಿಗೇ ವಿಷ. ಇತ್ತ ನೀರು ಹೋಗಿ ಕಿಡ್ನಿ ಒಣಗ್ತಾ ಇರುತ್ತೆ. ಎರಡೂ ಸೇರಿದ್ರೆ ಕ್ರಿಯಾಟಿನಿನ್ ಮೂರೇ ದಿನದಲ್ಲಿ ಮೇಲೆ ಹೋಗಿರುತ್ತೆ. ಇದನ್ನ ನಾನು ವಾರ್ಡಿನಲ್ಲಿ ನೋಡಿದ್ದೀನಿ, ಒಂದಲ್ಲ ಹಲವು ಸಲ. ಯಾರ ವಿಷಯ ಅಂತ ಬರೆಯೋ ಹಾಗಿಲ್ಲ, ಬರೆಯೋದೂ ಇಲ್ಲ. ಹೊರಗಿಂದ ನೋಡಿದ್ರೆ ಬರೀ ಹೊಟ್ಟೆ ಕೆಟ್ಟಿರೋ ಮನುಷ್ಯ. ಬ್ಲಡ್ ರಿಪೋರ್ಟ್ ನೋಡಿದ್ರೆ ನಮಗೆ ಕೈಕಾಲು ಆಡಲ್ಲ.

ಇದು ಬರೀ ಹೆದರಿಸೋ ಮಾತಲ್ಲ. 2017ರಲ್ಲಿ ಇಂಗ್ಲೆಂಡಿನಲ್ಲಿ ನಾಲ್ಕು ಜನಕ್ಕೆ ಇ. ಕೋಲಿ ಓ157 ಅನ್ನೋ ಕೆಟ್ಟ ಜಾತಿಯ ಸೋಂಕು ಬಂತು. ರಕ್ತಭೇದಿ ತರಿಸಿ, ಕೆಲವರಲ್ಲಿ ಕಿಡ್ನಿಯನ್ನೇ ನಿಲ್ಲಿಸೋ ಅಂಥದ್ದು. ನಾಲ್ಕರಲ್ಲಿ ಮೂರು ಜನಕ್ಕೆ ಹಸಿ ಮಾಂಸ ತಿನ್ನೋ ನಾಯಿಗಳ ಸಂಪರ್ಕ ಇತ್ತು. ಒಬ್ಬರು ತೀರಿಕೊಂಡರು. ಆ ಮಾಂಸವನ್ನ ಮನುಷ್ಯರು ತಿಂದಿರಲಿಲ್ಲ. ಬರೀ ನಾಯಿಗೆ ಹಾಕಿದ್ದು.

ಫ್ರೀಜರ್‌ನಲ್ಲಿಟ್ಟರೆ ಸಾಯಲ್ವಾ ಅಂತ ಇಬ್ಬರು ಕೇಳಿದ್ದಾರೆ. ಸಾಯಲ್ಲ. ಬ್ಯಾಕ್ಟೀರಿಯಾ ಫ್ರೀಜರ್‌ನಲ್ಲಿ ನಿದ್ದೆ ಮಾಡುತ್ತೆ, ಹೊರಗೆ ತೆಗೆದು ಕರಗಿದ ಮೇಲೆ ಎದ್ದೇಳುತ್ತೆ. ಅರಿಶಿನ ಉಪ್ಪು ಹಾಕಿ ತೊಳೆದರೂ ಹೋಗಲ್ಲ. ನಲ್ಲಿ ಕೆಳಗೆ ಹಸಿ ಕೋಳಿ ತೊಳೆಯಲೇಬೇಡಿ ಅಂತಾರೆ ಇಲ್ಲಿ, ಹನಿ ಸಿಡಿದು ಸಿಂಕು, ಪಕ್ಕದಲ್ಲಿರೋ ಸೊಪ್ಪು, ಲೋಟಕ್ಕೆಲ್ಲಾ ಹರಡುತ್ತೆ ಅಂತ. ಈ ಮಾತನ್ನ ನಮ್ಮಮ್ಮನಿಗೆ ಹೇಳಿ ಒಪ್ಪಿಸೋ ಧೈರ್ಯ ನನಗಿನ್ನೂ ಬಂದಿಲ್ಲ. ಅದು ಬೇರೆ ಪೋಸ್ಟಾಗುತ್ತೆ.

ಇನ್ನೊಂದು ವ್ಯತ್ಯಾಸ. ಇಲ್ಲಿ ನಾಯಿಗೆ ಅಂತ ಹಸಿ ಮಾಂಸ ಮಾಡಿ ಮಾರೋರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು, ಸ್ಯಾಂಪಲ್ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಇರಬಾರದು ಅಂತ ನಿಯಮ ಇದೆ. ಅಷ್ಟಿದ್ದೂ ಆಗಾಗ ಮಾರಿದ ಮಾಲು ವಾಪಸ್ ತರಿಸ್ತಾರೆ. ನಮ್ಮೂರ ಸಂತೆ ಬೀದಿಯ ಕೋಳಿ ಅಂಗಡಿಯಲ್ಲಿ ಮಾರೋದು ನಾವು ಚೆನ್ನಾಗಿ ಬೇಯಿಸಿ ತಿಂತೀವಿ ಅನ್ನೋ ನಂಬಿಕೆ ಮೇಲೆ. ಅಜ್ಜಿಯ ಫೋಟೋ ನೋಡಿ ಅಲ್ಲಿ ಹಾಗೇ ಮಾಡೋಕೆ ಹೊರಟವರು ಇದನ್ನ ಯೋಚನೆ ಮಾಡಬೇಕು. ಹಕ್ಕಿಜ್ವರದ ಸುದ್ದಿ ಇರೋವಾಗಂತೂ ಬೇಡವೇ ಬೇಡ. 2024ರ ಕೊನೆಯಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಹಸಿ ಟರ್ಕಿ ಕೋಳಿ ಆಹಾರ ತಿಂದ ಬೆಕ್ಕೊಂದು ಹಕ್ಕಿಜ್ವರದಿಂದ ಸತ್ತಿತ್ತು.

ಆ ಅಜ್ಜಿ ಹೇಗೆ ಕೊಡ್ತಾರೆ ಅಂತ ಫೋಟೋದಲ್ಲಿ ಕಾಣಲ್ಲ. ಹೇಳ್ತೀನಿ ಕೇಳಿ. ಹಿತ್ತಲಲ್ಲಿ ಒಂದು ರಬ್ಬರ್ ಚಾಪೆ, ಅದು ನಾಯಿ ಮೂಳೆಗೆ ಮಾತ್ರ. ಮಳೆ ಬಂದ್ರೆ ಆವತ್ತು ಮೂಳೆ ರಜೆ, ಮನೆಯೊಳಗೆ ತರೋ ಹಾಗಿಲ್ಲ. ಮಾಂಸ ಕರಗಿಸೋಕೆ ಮುಚ್ಚಳ ಇರೋ ಡಬ್ಬ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ತೊಟ್ಟಿಕ್ಕಬಾರದು ಅಂತ. ಕೈಗೆ ಗ್ಲೌಸು. ಮುಗಿದ ಮೇಲೆ ಚಾಪೆಗೆ ಮೊದಲು ಬಿಸಿನೀರು ಸೋಪು, ಆಮೇಲೆ ಬ್ಲೀಚು. (ಜಿಡ್ಡಿನ ಮೇಲೆ ಡೆಟಾಲ್ ಸುರಿದ್ರೆ ಏನೂ ಉಪಯೋಗ ಇಲ್ಲ, ಮೊದಲು ಸೋಪು ಹಾಕಿ ಉಜ್ಜಲೇಬೇಕು. ಇದು ವಾರ್ಡಿಗೂ ಅನ್ವಯ.) ಮರಿಯ ಬಾಯಿ, ಮುಂಗಾಲು ಒರೆಸ್ತಾರೆ. ಆಮೇಲೆ ತಾವು ಕೈ ತೊಳೆಯೋದನ್ನ ನೋಡಿದ್ರೆ ನಮ್ಮ ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಪ್ರಶಸ್ತಿ ಕೊಡ್ತಾರೆ. ಆವತ್ತು ಸಂಜೆವರೆಗೂ ಮರಿ ಮುಖ ನೆಕ್ಕೋ ಹಾಗಿಲ್ಲ. ಇಷ್ಟೆಲ್ಲಾ ಮಾಡಿಯೂ, ಮೊಮ್ಮಗಳು ಬಸುರಿ ಆಗಿ ಮನೆಗೆ ಬಂದು ಉಳಿದ ಆರು ವಾರ ಅಜ್ಜಿ ಹಸಿ ಮೂಳೆ ಪೂರ್ತಿ ನಿಲ್ಲಿಸಿದ್ರು. "ನಾಯಿಗೆ ಆರು ವಾರ ಬೇಜಾರಾದ್ರೆ ಏನೂ ಆಗಲ್ಲ" ಅಂದ್ರು.

ನಮ್ಮ ಮನೆಗೂ ನಾನು ಕೇಳ್ತಿರೋದು ಅದನ್ನೇ. ಅಪ್ಪ ಇರೋ ಮನೆಗೆ ಹಸಿ ಮೂಳೆ ಬೇಡ. ಗ್ಲೌಸ್ ಹಾಕಿ ಕೊಡ್ತೀನಿ, ಹಿತ್ತಲಲ್ಲಿ ಕೊಡ್ತೀನಿ ಅಂತ ಅಣ್ಣ ಹೇಳ್ತಾನೆ. ಅಣ್ಣ ಕೊಡಬಹುದು, ಅವನ ಮಾತು ನಂಬ್ತೀನಿ. ಆದ್ರೆ ಆ ಮರಿ ದಿನಾ ಸಂಜೆ ಮಲಗೋದು ಅಪ್ಪನ ತೊಡೆ ಮೇಲೆ. ಅದನ್ನ ತಪ್ಪಿಸೋ ಮಾತು ನಾನು ಆಡಲ್ಲ. ಆಪರೇಷನ್ ಆದ ಮೇಲೆ ತೋಟಕ್ಕೆ ಹೋಗೋದು ಕಡಿಮೆಯಾಗಿ, ಟಿವಿ ಮುಂದೆ ಕೂತು ಕೂತು ಮಾತೇ ನಿಂತುಹೋಗಿದ್ದ ಮನುಷ್ಯ ಈಗ ಆ ಮರಿ ಜೊತೆ ದಿನವಿಡೀ ಮಾತಾಡ್ತಾರೆ ಅಂತ ಅಮ್ಮ ಹೇಳ್ತಾಳೆ. ನಾಯಿ ಬೇಕು, ಮೂಳೆ ಬೇಡ. ಎರಡರಲ್ಲಿ ಯಾವುದನ್ನ ಬಿಡೋದು ಸುಲಭ ಅಂತ ಅಪ್ಪನೇ ತೀರ್ಮಾನ ಮಾಡಲಿ. ಇಷ್ಟು ಹೇಳಿದ್ದಕ್ಕೆ, "ಸರಿ, ನಿನ್ನ ಅಮ್ಮನ ಸಾಮಾನು, ಕಾಪಾಡ್ಕೋಬೇಕಲ್ಲ" ಅಂದ್ರು. ಅಮ್ಮ ಹಿಂದಿನಿಂದ ಏನೋ ಬೈದಿದ್ದು ಕೇಳಿಸ್ತು.

ಒಸಡು ಕಡಿತಕ್ಕೆ ಬೇರೆ ದಾರಿ ಇದೆ. ಹಳೇ ಬಟ್ಟೆ ಒದ್ದೆ ಮಾಡಿ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಡಿ, ಕರಗಿದಾಗ ತಗೊಳ್ಳಿ, ಚೂರು ಮಾಡಿ ನುಂಗೋಕೆ ಬಿಡಬೇಡಿ. ದಪ್ಪನೆ ಕ್ಯಾರೆಟ್ ತಣ್ಣಗೆ ಮಾಡಿ ಇಡಿಯಾಗಿ ಕೊಡಬಹುದು. ರಬ್ಬರ್ ಆಟಿಕೆ ಹಾಸನದಲ್ಲೇ ಸಿಗುತ್ತೆ, ಮರಿಗೆ ಅಂತ ಇರೋದು ಕೇಳಿ ತಗೊಳ್ಳಿ. ಮಾಂಸ ಬೇಕೇ ಬೇಕು ಅಂದ್ರೆ ಮೂಳೆ ತೆಗೆದ ಕೋಳಿ, ಉಪ್ಪು ಮಸಾಲೆ ಇಲ್ಲದೆ ಬೇಯಿಸಿ, ರಾಗಿ ಗಂಜಿಗೋ ಅನ್ನಕ್ಕೋ ಕಲಸಿ ಹಾಕಿ. ಆದ್ರೆ ಅದು ರುಚಿಗೆ ಮಾತ್ರ. ಹೊಟ್ಟೆ ತುಂಬೋ ಊಟ ಮರಿ ಆಹಾರವೇ ಇರಲಿ.

ಹುಳದ ಪ್ರಶ್ನೆ ಬಿಟ್ಟೇ ಹೋಗ್ತಿತ್ತು. ಅದು ಮೂಳೆಗಿಂತ ಈಲಿ, ಶ್ವಾಸಕೋಶದಲ್ಲಿ ಜಾಸ್ತಿ. ಕುರಿಯ ಈಲಿಯಲ್ಲಿ ಕೆಲವು ಸಲ ನೀರು ತುಂಬಿದ ಗುಳ್ಳೆ ಇರುತ್ತೆ, ನೋಡಿರ್ತೀರಿ. ಅಂಗಡಿಯವರು ಅದನ್ನ ಕತ್ತರಿಸಿ ನಾಯಿಗೆ ಎಸೀತಾರೆ. ಅದು ಹೈಡ್ಯಾಟಿಡ್ ಗುಳ್ಳೆ ಆಗಿದ್ರೆ ನಾಯಿ ಕರುಳಲ್ಲಿ ಪುಟ್ಟ ಲಾಡಿಹುಳ ಆಗುತ್ತೆ, ಅದರ ಮೊಟ್ಟೆ ನಾಯಿ ಕಕ್ಕದಲ್ಲಿ ಬರುತ್ತೆ, ಆ ಮೊಟ್ಟೆ ನಮ್ಮ ಬಾಯಿಗೆ ಹೋದ್ರೆ ನಮ್ಮ ಈಲಿಯಲ್ಲಿ ಅದೇ ನೀರುಗುಳ್ಳೆ. ಬಿಎಸ್ಸಿ ಓದುವಾಗ ಥಿಯೇಟರ್ ಪೋಸ್ಟಿಂಗ್‌ನಲ್ಲಿ ಅಂಥ ಒಂದು ಆಪರೇಷನ್ ನೋಡಿದ್ದೆ. ಸರ್ಜನ್ ಎಷ್ಟು ಮೆಲ್ಲಗೆ ಕೈ ಆಡಿಸ್ತಿದ್ರು ಅಂದ್ರೆ ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು. ಆ ನೀರು ಒಳಗೆ ಚೆಲ್ಲಿದ್ರೆ ಅಲ್ಲೇ ತೀವ್ರ ಅಲರ್ಜಿ ಆಗಿ ಬಿಪಿ ಬೀಳಬಹುದು, ಹೊಸ ಗುಳ್ಳೆಗಳೂ ಹುಟ್ಟಬಹುದು. ಆದ್ದರಿಂದ ಹಸಿ ಈಲಿ, ಬೋಟಿ ಯಾವ ನಾಯಿಗೂ ಬೇಡ, ಬೇಯಿಸಿ ಹಾಕಿ. ಮಾಮೂಲಿ ಹುಳದ ಮಾತ್ರೆ ಎಲ್ಲಾ ಹುಳಕ್ಕೂ ಆಗಲ್ಲ, ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಇರೋದೇ ಬೇಕು. ಅದನ್ನ ಯಾವಾಗ, ಎಷ್ಟು ಅಂತ ದನದ ಡಾಕ್ಟ್ರು ತೂಕ ನೋಡಿ ಹೇಳ್ತಾರೆ.

ಕೊನೆಗೆ, ಮೂಳೆ ತಿಂದ ಮರಿಯನ್ನ ತಕ್ಷಣ ಕರ್ಕೊಂಡು ಹೋಗಬೇಕಾಗಿರೋದು ಯಾವಾಗ ಅಂತ. ಜೊಲ್ಲು ಸುರಿಸ್ತಾ ಬಾಯಿಗೆ ಕಾಲು ಹಾಕಿ ಕೆರ್ಕೊಳ್ತಿದ್ರೆ. ಓಕರಿಕೆ ಬರ್ತಾ ಏನೂ ಹೊರಗೆ ಬರದಿದ್ರೆ. ತಿಂದಿದ್ದು, ಕುಡಿದಿದ್ದು ಎಲ್ಲಾ ವಾಂತಿಯಾಗ್ತಿದ್ರೆ. ಹೊಟ್ಟೆ ಬಿಗಿಯಾಗಿ ಮುಟ್ಟೋಕೆ ಬಿಡದಿದ್ರೆ, ಮುಂಗಾಲು ಚಾಚಿ ಬೆನ್ನು ಬಗ್ಗಿಸಿ ನಿಂತಿದ್ರೆ. ಮುಕ್ಕರಿದರೂ ಕಕ್ಕ ಬರದಿದ್ರೆ, ರಕ್ತ ಕಂಡ್ರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಇಳಿದ ಮೂಳೆ ಹತ್ತುವಾಗ ಇನ್ನೊಂದು ಸಲ ಸೀಳುತ್ತೆ. ಹಿಂದಿನಿಂದ ಮೂಳೆ ತುದಿ ಕಂಡ್ರೆ ಎಳೀಬೇಡಿ. ಬಾಳೆಹಣ್ಣು, ಎಣ್ಣೆ, ಹರಳೆಣ್ಣೆ ಯಾವುದೂ ಬೇಡ. ಹಾಸನದ ಸುತ್ತಮುತ್ತ ಇರೋರಿಗೆ ವೆಟರ್ನರಿ ಕಾಲೇಜೇ ಇದೆ, ಕಾಲೇಜಿನ ಆಸ್ಪತ್ರೆ ಎಷ್ಟು ಗಂಟೆಗೆ ತೆರೆಯುತ್ತೆ ಅಂತ ಇವತ್ತೇ ಕೇಳಿ ಬರೆದಿಟ್ಕೊಳ್ಳಿ. ರಾತ್ರಿ ಹತ್ತು ಗಂಟೆಗೆ ಮರಿ ಒದ್ದಾಡುವಾಗ ನನಗೆ ಮೆಸೇಜ್ ಮಾಡಿದ್ರೆ ನಾನು ಇಲ್ಲಿ ಡ್ಯೂಟಿಯಲ್ಲಿರ್ತೀನಿ, ಫೋನ್ ಲಾಕರ್‌ನಲ್ಲಿರುತ್ತೆ.

ನಾಳೆ ಲಾಂಗ್ ಡೇ, ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ. ಮುಂದಿನ ವಾರ ಬೇಲೂರಿನ ಇಬ್ಬರು ಹುಡುಗಿಯರು ಓಇಟಿ ಪರೀಕ್ಷೆ ಬಗ್ಗೆ ಕೇಳಿದ್ದಾರೆ, ಅದನ್ನ ಬರೀತೀನಿ. ಅಣ್ಣ, ಆ ಕ್ಯಾಲ್ಸಿಯಂ ಸಿರಪ್ ಬಾಟಲಿ ಫೋಟೋ ಕಳಿಸು, ಎಷ್ಟು ಕೊಟ್ಟಿದ್ದೀಯ ಅಂತನೂ ಬರಿ.